ಮರದಡಿಯ ಸಿಡಿಲು

ಭರಣಿ ಮಳೆ ಹತ್ತಿರ ಬಂತೆಂದರೆ ಬಟವಾಡಿ ಕಡೆಯಿಂದ ಅದೇ ಪ್ರಶ್ನೆ: “ಮನೆ ಪಕ್ಕ ಮೊಬೈಲ್ ಟವರ್ ನಿಲ್ಲಿಸಿದ್ದಾರೆ ಸಾರ್, ಸಿಡಿಲನ್ನ ಎಳ್ಕೊಳ್ಳಲ್ವಾ?” ಎಳೆದುಕೊಳ್ಳಬಹುದು, ಎತ್ತರದ್ದಕ್ಕೆ ಬೀಳುವುದೇ ಅದರ ಗುಣ. ಆದರೆ ಟವರಿಗೆ ಅರ್ತಿಂಗ್ ಮಾಡಿರುತ್ತಾರೆ, ಬಿದ್ದದ್ದು ನೆಲಕ್ಕೆ ಇಳಿಯುತ್ತದೆ. ಪಕ್ಕದ ಆರ್‌ಸಿಸಿ ಮನೆಯಲ್ಲಿ ಸಾಮಾನ್ಯವಾಗಿ ಕೆಡುವುದು ಟಿವಿ, ಮೋಟರಿನ ಸ್ಟಾರ್ಟರ್. ಮೋಡ ಕವಿದಾಗಲೇ ಪ್ಲಗ್ ಕಿತ್ತಿಡಿ.

ಟವರಿಗೆ ಇಷ್ಟು ಹೆದರುವವರು ನಾಲ್ಕು ಹನಿ ಬಿದ್ದೊಡನೆ ಹುಣಸೆಮರದಡಿಗೆ ಓಡುತ್ತಾರಲ್ಲ, ನನಗೆ ಅದೇ ಸಂಕಟ. ಮರದ ಕೆಳಗೆ ಸಾಯುವವರಲ್ಲಿ ಬಹಳ ಮಂದಿಗೆ ಸಿಡಿಲು ನೇರವಾಗಿ ತಲೆಗೆ ಬಡಿದಿರುವುದಿಲ್ಲ. ಅದು ಕಾಂಡದಿಂದ ಪಕ್ಕಕ್ಕೆ ಹಾರುತ್ತದೆ, ಇಲ್ಲವೇ ಬುಡಕ್ಕಿಳಿದು ಸುತ್ತಲ ನೆಲದಲ್ಲಿ ಹರಡುತ್ತದೆ. ಸುಮಾರು 30,000 ಆಂಪಿಯರ್ ವಿದ್ಯುತ್ತು! ಬುಡದ ಹತ್ತಿರ ವೋಲ್ಟೇಜು ಹೆಚ್ಚು, ದೂರ ಹೋದಂತೆ ಕಡಿಮೆ. ನಿಮ್ಮ ಒಂದು ಕಾಲು ಬುಡದ ಕಡೆ, ಇನ್ನೊಂದು ಒಂದು ಹೆಜ್ಜೆ ಆಚೆ ಇದ್ದರೆ ಆ ವ್ಯತ್ಯಾಸವೇ ಸಾಕು: ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ.

ಗುಬ್ಬಿ ಕಡೆ ಬಂಧುಗಳ ತೋಟದ ಬದುವಿನಲ್ಲಿ ಕುರಿಗಳು ಸಾಲಾಗಿ ಸತ್ತು ಬಿದ್ದಿದ್ದನ್ನು ಕಂಡಿದ್ದೇನೆ. ಮರಕ್ಕೆ ಉದ್ದನೆಯ ಸೀಳು, ಕುರಿಗಳ ಮೈಮೇಲೆ ಸುಟ್ಟ ಗುರುತೇ ಇಲ್ಲ. ಮುಂಗಾಲಿಗೂ ಹಿಂಗಾಲಿಗೂ ಅಂತರ ಜಾಸ್ತಿ, ನಡುವೆ ಹೃದಯ. ಯಾರದೋ ಕಣ್ಣು ಬಿತ್ತು ಎಂದರು. ಕಣ್ಣಲ್ಲ, ಸ್ವಾಮಿ, ನೆಲ! ಮತ್ತೆ ಹೇಳುತ್ತೇನೆ, ಮರಕ್ಕೆ ಬಿದ್ದದ್ದು ನೆಲದಲ್ಲಿ ಬಂದು ಕಾಲು ಹಿಡಿಯುತ್ತದೆ. ತೆಂಗಾಗಲಿ, ಹುಣಸೆಯಾಗಲಿ, ಮರದಿಂದ ದೂರ ಇರಿ.

ಸಿಡಿಲು ಬೀಳದಿರಲೆಂದು ಅಂಗಳಕ್ಕೆ ಕುಡುಗೋಲು ಎಸೆದರೆ ಏನೂ ಪ್ರಯೋಜನವಿಲ್ಲ, ಎಸೆಯಲು ಹೊರಗೆ ಬಂದವರಿಗೇ ಅಪಾಯ. ಅರ್ಜುನನ ಹತ್ತು ಹೆಸರು ಹೇಳುವುದು ಬೇಡ ಅನ್ನುವುದಿಲ್ಲ, ಒಳಗೆ ಕೂತು ಹೇಳಿ.

ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗೇ ಇದೆ, ಹೊಲ ಬಿಟ್ಟು ಗಟ್ಟಿ ಕಟ್ಟಡದೊಳಗೆ ಹೋಗಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರಬೇಡಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಮೊಬೈಲಿನಲ್ಲಿರಲಿ. ಬಯಲಲ್ಲಿ ಸಿಕ್ಕಿಬಿದ್ದು ಬೇರೆ ದಾರಿಯೇ ಇಲ್ಲವೆಂದರೆ ಪಾದ ಜೋಡಿಸಿ ಕುಕ್ಕರುಗಾಲಲ್ಲಿ ಕೂರಿ, ಮಲಗಬೇಡಿ.

ಸಿಡಿಲು ಬಡಿದವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ, ಧೈರ್ಯವಾಗಿ ಮುಟ್ಟಿ. ತಿಪ್ಪೆಯಲ್ಲಿ ಹೂಳಿ ಹೊತ್ತು ಕಳೆಯಬೇಡಿ. ಒಬ್ಬರು 108ಕ್ಕೆ ಫೋನ್ ಮಾಡಲಿ. ಉಸಿರು ನಿಂತಿದ್ದರೆ ಇನ್ನೊಬ್ಬರು ಎದೆಯ ನಡುವೆ ಜೋರಾಗಿ, ಬೇಗಬೇಗ ಒತ್ತುತ್ತಿರಲಿ, ಆಂಬುಲೆನ್ಸ್ ಬರುವತನಕ.