ಆಸ್ಟ್ರೇಲಿಯದ ಪುಸ್ತಕಗಳು: ಒಂದು ವಿರಾಮದ ಓದು



ಆಸ್ಟ್ರೇಲಿಯ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಕ್ರಿಕೆಟ್ಟು, ಕಾಂಗರೂ, ಮತ್ತು ಭೂಗೋಳದ ತರಗತಿಯಲ್ಲಿ ಬಾಯಿಪಾಠ ಮಾಡಿದ ಉಣ್ಣೆ ಹಾಗೂ ಗೋಧಿ. ಹಿಂದಿನವರಿಗಾದರೆ ವೇಲರ್ ಕುದುರೆಗಳೂ ನೆನಪಾಗುತ್ತಿದ್ದುವು. ನ್ಯೂ ಸೌತ್ ವೇಲ್ಸಿನಿಂದ ಹಡಗೇರಿ ಬಂದು ಮದರಾಸಿನ ಕಡಲತೀರದಲ್ಲಿ ಇಳಿಯುತ್ತಿದ್ದ ಆ ಕುದುರೆಗಳ ಮೇಲೆ ಈ ದೇಶದ ದಂಡಿನವರು ಸವಾರಿ ಮಾಡುತ್ತಿದ್ದರು. ಕುದುರೆಗಳು ಬಂದಂತೆಯೇ ಒಬ್ಬ ಗ್ರಂಥಕರ್ತನೂ ಬಂದಿದ್ದನು. ೧೮೧೬ರಲ್ಲಿ ಪ್ಯಾರಮಟದಲ್ಲಿ ಹುಟ್ಟಿದ ಜಾನ್ ಲ್ಯಾಂಗ್ ಎಂಬ ವಕೀಲನು ಇಂಡಿಯಕ್ಕೆ ಬಂದು ಪತ್ರಿಕೆ ನಡೆಸಿ, ಕಾದಂಬರಿಗಳನ್ನು ಬರೆದು, ೧೮೬೪ರಲ್ಲಿ ಮಸ್ಸೂರಿಯಲ್ಲಿ ತೀರಿಕೊಂಡನು. ರಾಜ್ಯ ಕೈತಪ್ಪುವ ಸಂಕಟದಲ್ಲಿ ಝಾನ್ಸಿಯ ರಾಣಿ ಲಕ್ಷ್ಮೀಬಾಯಿಯವರು ೧೮೫೪ರಲ್ಲಿ ಸಲಹೆಗಾಗಿ ಕರೆಸಿಕೊಂಡದ್ದು ಇವನನ್ನೇ. ಆಸ್ಟ್ರೇಲಿಯದಲ್ಲಿ ಹುಟ್ಟಿದವರಲ್ಲಿ ಮೊದಲ ಕಾದಂಬರಿಕಾರನೆಂದು ಇವನನ್ನು ಎಣಿಸುವುದುಂಟು. ಇಷ್ಟಿದ್ದರೂ ಆ ದೇಶದಲ್ಲಿ ಓದತಕ್ಕ ಪುಸ್ತಕಗಳಿವೆ ಎಂದು ನಮ್ಮ ಯಾವ ಪಠ್ಯಪುಸ್ತಕವೂ ಹೇಳಲಿಲ್ಲ.

ಹೇಳದಿದ್ದುದರಿಂದ ಒಂದು ಅನುಕೂಲವೂ ಆಯಿತು. ಯಾರೂ ವಿಧಿಸದ ಗ್ರಂಥವನ್ನು ಓದುವುದರಲ್ಲಿ ಒಂದು ಸ್ವಾತಂತ್ರ್ಯವಿದೆ. ಪರೀಕ್ಷೆಯಿಲ್ಲ, ಟೀಕೆಟಿಪ್ಪಣಿಗಳ ಹಂಗಿಲ್ಲ, ಮೆಚ್ಚದಿದ್ದರೆ ಅರಸಿಕರೆನಿಸಿಕೊಳ್ಳುವ ಭಯವೂ ಇಲ್ಲ. ಊಟ ಮುಗಿಸಿ ಒರಗುದಿಂಬಿಗೆ ಒರಗಿ ಓದಿದ ಅಂತಹ ನಾಲ್ಕಾರು ಪುಸ್ತಕಗಳ ಮಾತನ್ನೇ ಇಂದು ಆಡುವೆವು. ಈ ಸುಖದ ಓದು ನಾವೆಣಿಸದಿದ್ದ ಒಂದು ಕಡೆಗೆ ನಮ್ಮನ್ನು ಕೊಂಡೊಯ್ದಿತು, ಅದನ್ನೂ ಮುಚ್ಚಿಡುವುದಿಲ್ಲ.

ಮೊದಲು ಹೆನ್ರಿ ಲಾಸನ್ ೧೮೯೨ರಲ್ಲಿ ಸಿಡ್ನಿಯ ‘ಬುಲೆಟಿನ್’ ಪತ್ರಿಕೆಗೆ ಬರೆದ ಒಂದು ಸಣ್ಣ ಕತೆ. ಹೆಸರು ‘ದಿ ಡ್ರೋವರ್ಸ್ ವೈಫ್’, ಎಂದರೆ ಮಂದೆ ಹೊಡೆಯುವವನ ಹೆಂಡತಿ. ಅಲ್ಲಿಯವರು ‘ಬುಷ್’ ಎಂದು ಕರೆಯುವ ಕುರುಚಲು ಕಾಡಿನ ನಡುವೆ ಎರಡು ಕೋಣೆಯ ಮನೆ. ದಾರಿಬದಿಯ ಹೆಂಡದಂಗಡಿಯೊಂದನ್ನು ಊರೆಂದು ಕರೆಯಬಹುದಾದರೆ ಅದಕ್ಕೂ ೧೯ ಮೈಲಿ. ಗಂಡನು ಕುರಿಮಂದೆಯ ಹಿಂದೆ ಹೋಗಿ ತಿಂಗಳುಗಳಾಗಿವೆ. ಸಂಜೆ ಒಂದು ಹಾವು ನೆಲದ ಹಲಗೆಗಳ ಕೆಳಗೆ ನುಸುಳುತ್ತದೆ. ತಾಯಿ ನಾಲ್ಕು ಮಕ್ಕಳನ್ನು ಅಡುಗೆಮನೆಯ ಮೇಜಿನ ಮೇಲೆ ಮಲಗಿಸಿ, ಪಕ್ಕದಲ್ಲಿ ದೊಣ್ಣೆ ಇಟ್ಟುಕೊಂಡು, ನಾಯಿಯೊಡನೆ ಇರುಳೆಲ್ಲ ಎಚ್ಚರವಿರುತ್ತಾಳೆ. ಕತೆ ಇಷ್ಟೇ. ಆ ಇರುಳಿನಲ್ಲಿ ಅವಳು ಕಂಡ ಬೆಂಕಿ, ನೆರೆ, ದನಗಳ ರೋಗ ಎಲ್ಲವೂ ಒಂದೊಂದಾಗಿ ನೆನಪಿಗೆ ಬರುತ್ತವೆ. ಭಾನುವಾರದ ದಿನ ಅವಳು ಮಕ್ಕಳನ್ನು ಸಿಂಗರಿಸಿ, ತಾನೂ ಒಳ್ಳೆಯ ಬಟ್ಟೆ ತೊಟ್ಟು, ಒಂದು ನರಪಿಳ್ಳೆಯೂ ಇಲ್ಲದ ಕಾಡುದಾರಿಯಲ್ಲಿ ಕೈಗಾಡಿ ತಳ್ಳಿಕೊಂಡು ವಿಹಾರಕ್ಕೆ ಹೋಗುತ್ತಾಳೆಂದು ಲಾಸನ್ ಹೇಳುವಾಗ ನಗುವುದೋ ಅಳುವುದೋ ತಿಳಿಯದು. ಅವನು ಕರುಣೆಯನ್ನು ಬೇಡುವುದಿಲ್ಲ. ಒಂದೆಡೆ ಅವಳಿಗೆ ಕಣ್ಣೀರು ಬರುತ್ತದೆ, ಒರಸಿಕೊಳ್ಳಲು ಕರವಸ್ತ್ರವೆತ್ತಿದರೆ ಅದೆಲ್ಲ ತೂತು, ಬೆರಳುಗಳು ತೂರಿ ಕಣ್ಣಿಗೇ ಚುಚ್ಚುತ್ತವೆ, ಅವಳು ನಕ್ಕುಬಿಡುತ್ತಾಳೆ. ಮಳೆ ನಂಬದ ಸೀಮೆಗಳ ನಮ್ಮ ಹೆಂಗಸರಲ್ಲಿಯೂ ಇಂತಹ ಒಣನಗೆಯನ್ನು ಕಾಣಬಹುದು.

ಈ ಒಣನಗೆಯೇ ಆಸ್ಟ್ರೇಲಿಯದ ಗದ್ಯದ ಉಪ್ಪು. ಜೋಸೆಫ್ ಫರ್ಫಿ ಎಂಬಾತನು ಶೆಪರ್ಟನ್ ಊರಿನಲ್ಲಿ ತನ್ನ ಅಣ್ಣನ ಎರಕದ ಕಾರ್ಖಾನೆಯಲ್ಲಿ ದುಡಿಯುತ್ತ ಬರೆದ ‘ಸಚ್ ಈಸ್ ಲೈಫ್’ ೧೯೦೩ರಲ್ಲಿ ಅಚ್ಚಾಯಿತು. ಕತೆ ಹೇಳುವವನು ತಾನು ಮಹಾಮೇಧಾವಿಯೆಂದು ತಿಳಿದಿದ್ದಾನೆ. ಆದರೆ ಅವನ ಕಣ್ಣೆದುರಿನಲ್ಲೇ ನಡೆಯುತ್ತಿರುವ ಪ್ರೇಮ, ಅಗಲಿಕೆ, ದುಃಖ ಯಾವುದೂ ಅವನಿಗೆ ಹೊಳೆಯುವುದಿಲ್ಲ, ಓದುವ ನಮಗೆ ಹೊಳೆಯುತ್ತದೆ. ಸುಲಭದ ಪುಸ್ತಕವಲ್ಲ; ಅವಸರದವರು ಮುಟ್ಟಬೇಕಾಗಿಲ್ಲ. ಮಾತಿಗೆ ಮಾತು: ಆ ಅಣ್ಣನ ಕಾರ್ಖಾನೆಯ ನೀರಿನ ಬಂಡಿಗಳು ಮೊದಲನೆಯ ಮಹಾಯುದ್ಧದಲ್ಲಿ ಶಿಬಿರಗಳಿಗೆ ಹೋದುವು. ಸಿಪಾಯಿಗಳು ಅವುಗಳ ಸುತ್ತ ನಿಂತು ಗಾಳಿಮಾತು ಆಡುತ್ತಿದ್ದುದರಿಂದ ಆ ದೇಶದಲ್ಲಿ ಗಾಳಿಸುದ್ದಿಗೆ ‘ಫರ್ಫಿ’ ಎಂದೇ ಹೆಸರಾಯಿತು. ನಮ್ಮ ನಲ್ಲಿಕಟ್ಟೆಗಳಿಗೆ ಇಂತಹ ಕೀರ್ತಿ ಬರಲಿಲ್ಲವಲ್ಲ!

ಕಟ್ಟುಕತೆಯಲ್ಲದ ಪುಸ್ತಕಗಳಲ್ಲಿ ನಮ್ಮನ್ನು ಬಹುವಾಗಿ ಹಿಡಿದಿಟ್ಟದ್ದು ಆಲ್ಬರ್ಟ್ ಫೇಸಿಯವರ ಆತ್ಮಕಥೆ. ೧೮೯೪ರಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ಅಜ್ಜಿಯ ಆಶ್ರಯದಲ್ಲಿ ಬೆಳೆದು, ಎಂಟು ವರ್ಷಕ್ಕೇ ಕೂಲಿಗೆ ನಿಂತವರು. ಚಾವಟಿಯ ಏಟು ತಿಂದರು. ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಅಕ್ಷರವನ್ನು ತಾವಾಗಿ ಕಲಿತರು. ೧೯೧೫ರಲ್ಲಿ ಗ್ಯಾಲಿಪೊಲಿಯ ಯುದ್ಧಕ್ಕೆ ಹೋದರು; ಇಬ್ಬರು ಸೋದರರು ಅಲ್ಲಿ ಮಡಿದರು. ಮುಂದಿನ ಮಹಾಯುದ್ಧದಲ್ಲಿ ಮಗನೊಬ್ಬನು ಹೋದನು. ಇದನ್ನೆಲ್ಲ ಮುದಿವಯಸ್ಸಿನಲ್ಲಿ ನೋಟುಪುಸ್ತಕಗಳಲ್ಲಿ ಬರೆದಿಟ್ಟರು. ೧೯೮೧ರಲ್ಲಿ ಅದು ಪ್ರಕಟವಾಗಿ ದೇಶವೆಲ್ಲ ಓದಿತು. ಮರುವರ್ಷ ಅವರು ತೀರಿಕೊಂಡರು. ಪುಸ್ತಕಕ್ಕೆ ಅವರಿಟ್ಟ ಹೆಸರು ‘ಎ ಫಾರ್ಚುನೇಟ್ ಲೈಫ್’, ಭಾಗ್ಯದ ಬಾಳು. ಇದರಲ್ಲಿ ವ್ಯಂಗ್ಯವಿದೆಯೆಂದು ನಾವು ಪುಟಪುಟದಲ್ಲಿಯೂ ಹುಡುಕಿದೆವು. ಇಲ್ಲ, ಆ ಮನುಷ್ಯರು ಹಾಗೆಂದೇ ನಂಬಿದ್ದರು.

ಇನ್ನು, ಎಣಿಸದಿದ್ದ ಆ ಕಡೆಯ ಮಾತು. ಲಾಸನ್ನನ ಕತೆಯಲ್ಲಿ ಒಬ್ಬ ಮೂಲನಿವಾಸಿ ಬರುತ್ತಾನೆ. ಹಿಂದಿನ ದಿನ ಅವನು ಸೌದೆ ಒಟ್ಟಿಕೊಟ್ಟಿದ್ದನು. ಅವಳು ಮೆಚ್ಚಿ ಹೊಗೆಸೊಪ್ಪು ಹೆಚ್ಚಾಗಿ ಕೊಟ್ಟಿದ್ದಳು. ಇರುಳಿನಲ್ಲಿ ಒಂದು ಕಟ್ಟಿಗೆ ಎಳೆದರೆ ರಾಶಿಯೆಲ್ಲ ಕುಸಿಯುತ್ತದೆ, ಒಳಗೆ ಪೊಳ್ಳು. ಅವಳ ಕಣ್ಣೀರು ಬಂದದ್ದು ಆಗಲೇ. ಆತನು ತನ್ನ ಕುಲದಲ್ಲಿ ಉಳಿದ ಕೊನೆಯವನೆಂದು ಲಾಸನ್ ಹಾಸ್ಯದಲ್ಲಿ ಒಂದು ಮಾತು ಸೇರಿಸಿ ಮುಂದೆ ಹೋಗುತ್ತಾನೆ. ಎರಡನೆಯ ಸಲ ಓದುವಾಗ ನಾವು ಅಲ್ಲಿಯೇ ನಿಂತೆವು. ಉಳಿದವರೆಲ್ಲ ಏನಾದರು?

ಉತ್ತರದ ಒಂದು ತುಣುಕು ಆ ದೇಶದ ಅತ್ಯಂತ ಹಳೆಯ ಇಂಗ್ಲಿಷ್ ಬರವಣಿಗೆಯಲ್ಲಿಯೇ ಇದೆ. ೧೭೮೮ರಲ್ಲಿ ಕೈದಿಗಳ ಹಡಗುಗಳೊಡನೆ ಬಂದ ವಾಟ್ಕಿನ್ ಟೆಂಚ್ ಎಂಬ ಸೇನಾಧಿಕಾರಿಯ ವೃತ್ತಾಂತವನ್ನು ಇಂದಿಗೂ ಸರಾಗವಾಗಿ ಓದಬಹುದು, ಕುತೂಹಲವುಳ್ಳ ಮನುಷ್ಯ. ಅವರು ಭಾಷೆ ಕಲಿಯುವುದಕ್ಕೆಂದು ಅರಬನೂ ಎಂಬ ಮೂಲನಿವಾಸಿಯನ್ನು ಬಲಾತ್ಕಾರದಿಂದ ಹಿಡಿದು ತಂದರು. ಕೈಗೆ ಬೇಡಿ ಹಾಕಿದಾಗ ಅವನು ಮೊದಲು ಆಭರಣವೆಂದು ತಿಳಿದು ಸಂತೋಷಪಟ್ಟನಂತೆ. ಅದರ ಉಪಯೋಗ ತಿಳಿದೊಡನೆ ಸಂತೋಷ ರೋಷವಾಯಿತು. ಮರುವರ್ಷ ಸಿಡುಬು ಹಬ್ಬಿತು. ತೀರದ ಕೊಲ್ಲಿಗಳಲ್ಲಿ ತನ್ನ ಜನರ ಹೆಣಗಳನ್ನು ಕಂಡು ಅವನು ಕೈಯೆತ್ತಿ ಗೋಳಾಡಿದನು. ರೋಗಿಗಳಾದ ಮಕ್ಕಳ ಆರೈಕೆ ಮಾಡಿ ತಾನೂ ಅದೇ ರೋಗದಿಂದ ಸತ್ತನು. ಟೆಂಚ್ ಇದನ್ನು ಮರೆಸದೆ ಬರೆದಿದ್ದಾನೆ.

ಆಮೇಲಿನವರು ಮರೆಸಿದರು. ೧೯೬೮ರಲ್ಲಿ ಮಾನವಶಾಸ್ತ್ರಜ್ಞ ಸ್ಟ್ಯಾನರ್ ಅವರು ಆ ದೇಶದ ರೇಡಿಯೋವಿನಲ್ಲಿಯೇ, ನಾವೀಗ ಮಾತಾಡುತ್ತಿರುವಂತೆ, ಕೆಲವು ಉಪನ್ಯಾಸಗಳನ್ನು ಮಾಡಿ, ಚರಿತ್ರೆಯ ಗ್ರಂಥಗಳ ಈ ಮರೆವಿಗೆ ‘ಆಸ್ಟ್ರೇಲಿಯದ ಮಹಾಮೌನ’ ಎಂದು ಹೆಸರಿಟ್ಟರು. ಇದು ಬರಿಯ ಅಜಾಗರೂಕತೆಯಲ್ಲ, ಬಯಲಿನ ಒಂದು ಭಾಗವೇ ಕಾಣದಂತೆ ಕಿಟಕಿಯನ್ನಿರಿಸಿದ ಹಾಗೆ ಎಂಬುದು ಅವರ ಅಭಿಪ್ರಾಯ. ಉಪನ್ಯಾಸಗಳು ಅಚ್ಚಾಗಿವೆ, ತೆಳುವಾದ ಪುಸ್ತಕ.

ಇಷ್ಟು ತಿಳಿದ ಮೇಲೆ ಸುಖದ ಓದು ಮುಗಿಯಿತೇ ಎಂದು ನೀವು ಕೇಳಬಹುದು. ನಮ್ಮ ಅನುಭವ ಹಾಗಿಲ್ಲ. ನೂಂಗಾರ್ ಜನದವರಾದ ಕಿಮ್ ಸ್ಕಾಟ್ ಅವರ ‘ದಟ್ ಡೆಡ್‌ಮನ್ ಡಾನ್ಸ್’ ಎಂಬ ೨೦೧೦ರ ಕಾದಂಬರಿಯನ್ನು ನೋಡಿ. ೧೮೦೧ರಲ್ಲಿ ಫ್ಲಿಂಡರ್ಸ್ ಎಂಬ ನಾವಿಕನ ಸೈನಿಕರು ನೈಋತ್ಯದ ತೀರದಲ್ಲಿ ಕವಾಯತು ಮಾಡಿದರು. ನೋಡುತ್ತಿದ್ದ ನೂಂಗಾರರು ಅದನ್ನೇ ಒಂದು ಕುಣಿತವಾಗಿ ಮಾಡಿಕೊಂಡು ತಲೆಮಾರುಗಳವರೆಗೆ ಕುಣಿದರು. ಕಾದಂಬರಿಯ ಹೆಸರಿನ ಕುಣಿತ ಅದೇ. ಬಂದವರ ಮಾತು, ಉಡುಪು, ಹಾಡು ಎಲ್ಲವನ್ನೂ ಆಟವಾಗಿ ಎತ್ತಿಕೊಳ್ಳುವ ಬಾಬಿ ಎಂಬ ಹುಡುಗನೇ ಕಥಾನಾಯಕ. ತಿಮಿಂಗಿಲದ ಬೇಟೆ, ಸಮುದ್ರ, ನಗೆ, ಸ್ನೇಹ. ಆತಿಥ್ಯ ಕೊಟ್ಟವರೇ ತಮ್ಮ ನೆಲದಲ್ಲಿ ಪರಕೀಯರಾಗುತ್ತ ಹೋಗುವುದು ಮೆಲ್ಲಮೆಲ್ಲನೆ ತಿಳಿಯುತ್ತದೆ. ಇಷ್ಟು ಉಲ್ಲಾಸವುಳ್ಳ ದುಃಖದ ಕತೆಯನ್ನು ನಾವು ಹೆಚ್ಚಾಗಿ ಕಂಡಿಲ್ಲ. ವಾನ್ಯಿ ಜನದ ಅಲೆಕ್ಸಿಸ್ ರೈಟ್ ಅವರ ‘ಕಾರ್ಪೆಂಟೇರಿಯ’ ಇನ್ನೂ ದೊಡ್ಡದು, ಹುಚ್ಚುಹೊಳೆಯಂಥದು; ಅದಕ್ಕೆ ಬೇಸಗೆಯ ರಜವೇ ಬೇಕು.

ಆರಂಭಿಸುವವರು ಲಾಸನ್ನನಿಂದಲೇ ಆರಂಭಿಸಲಿ; ಅರ್ಧ ಗಂಟೆಯ ಕೆಲಸ. ಅದಾದಮೇಲೆ ಲೀಯ ಪರ್ಸೆಲ್ ಅವರ ನಾಟಕವನ್ನು ಓದಬಹುದು. ಮೂಲನಿವಾಸಿ ಕುಲದ ಈಕೆಗೆ ಬಾಲ್ಯದಲ್ಲಿ ತಾಯಿ ಓದಿ ಹೇಳುತ್ತಿದ್ದ ಕತೆ ಅದೇ ಲಾಸನ್ನನದು. ಅದನ್ನು ಆಕೆ ತಿರುಗಿ ಕಟ್ಟಿದ ನಾಟಕ ೨೦೧೬ರಲ್ಲಿ ಸಿಡ್ನಿಯ ರಂಗಭೂಮಿಗೆ ಬಂದಿತು. ಹೆಸರು ಲಾಸನ್ನನ ಕತೆಯದೇ. ಅಂಗಳಕ್ಕೆ ಬರುವ ಮೂಲನಿವಾಸಿ ಗಂಡಸಿಗೆ ಇದರಲ್ಲಿ ಯಡಕ ಎಂಬ ಹೆಸರಿದೆ, ಮಾತೂ ಇದೆ.