ಕಾರಿನ ಲಾಂಛನ

ಲಾಂಛನವೆಂಬ ಮಾತಿಗೆ ಸಂಸ್ಕೃತದಲ್ಲಿ ಎರಡು ಅರ್ಥಗಳುಂಟು. ಗುರುತು ಎಂಬುದೊಂದು, ಕಲೆ ಎಂಬುದು ಇನ್ನೊಂದು. ಚಾಲುಕ್ಯರ ವರಾಹವೂ ಲಾಂಛನ, ಚಂದ್ರನೊಳಗಿನ ಕಪ್ಪೂ ಲಾಂಛನ. ಇವೆರಡೂ ಒಂದೇ ಮಾತಿನೊಳಗೆ ಹೇಗೆ ಕೂಡಿಕೊಂಡವೆಂಬುದು ನನಗೆ ಚೆನ್ನಾಗಿ ಮನದಟ್ಟಾದದ್ದು ತರಗತಿಯಲ್ಲಿ ಪಾಠ ಹೇಳುವಾಗ ಅಲ್ಲ. ನಮ್ಮ ಮನೆಯ ಕಾರಿನ ಹಿಂಬದಿಯಿಂದ ಅದರ ಹೆಸರನ್ನು ನನ್ನ ಕೈಯಾರೆ ಕಿತ್ತ ದಿನ. ಹೆಸರು ಕೈಗೆ ಬಂದಿತು. ಅದೇ ಆಕಾರದ ಕಲೆ ಡಿಕ್ಕಿಯ ಮೇಲೆ ಹಾಗೆಯೇ ಉಳಿಯಿತು.

ಕಾರು 1986ರ ಪ್ರೀಮಿಯರ್ ಪದ್ಮಿನಿ. ನಮ್ಮ ತಂದೆಯವರು ಕೊಂಡದ್ದು. ವಾಲಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಕಾರ್ಖಾನೆಯಲ್ಲಿ, ಇಟಲಿಯ ಫಿಯೆಟ್ 1100ರ ಅಚ್ಚಿನಲ್ಲಿ ತಯಾರಾದ ಕಾರು ಇದು. ಮೊದಲು ಫಿಯೆಟ್ ಎಂದೇ ಮಾರುತ್ತಿದ್ದರು. 1970ರ ದಶಕದ ಮೊದಲಲ್ಲಿ ಸ್ವಲ್ಪ ಕಾಲ ಪ್ರೆಸಿಡೆಂಟ್ ಎಂದರು. ಆಮೇಲೆ ಪದ್ಮಿನಿ ಎಂದರು. ಒಡಲು ಅದೇ, ಹೆಸರು ಮೂರು. ಮುಂಬಯಿಯ ಟ್ಯಾಕ್ಸಿಗಳಾಗಿ ಓಡುತ್ತಿದ್ದ ಪದ್ಮಿನಿಗಳು 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟವು. ನಮ್ಮದು ಇನ್ನೂ ಓಡುತ್ತಿದೆ, ಆದರೆ ಭಾನುವಾರಗಳಲ್ಲಿ ಮಾತ್ರ. ಅದರ ಹಿಂಬದಿಯ ಬ್ಯಾಡ್ಜು ಎಂದೋ ಮುರಿದು, ಕೊನೆಯ ಎರಡು ಅಕ್ಷರ ಹೋಗಿ, ‘ಪದ್ಮಿ’ ಎಂದಷ್ಟೇ ಉಳಿದಿತ್ತು. ಬೀದಿಯ ಹುಡುಗರು ಅದನ್ನು ಪದ್ಮಿ ಎಂದೇ ಕರೆಯುತ್ತಿದ್ದರು. ಇಷ್ಟರ ಮೇಲೆ, ಹಿಂದೊಮ್ಮೆ ದುರಸ್ತಿಗೆ ಬಿಟ್ಟಾಗ ಒಬ್ಬ ಕೆಲಸಗಾರನು ಉಳಿದ ಚೂರು ಬೀಳದಿರಲೆಂದು ಅದರ ನಡುವೆ ಒಂದು ಸ್ಕ್ರೂ ಬಡಿದಿದ್ದನು. ಆ ತೂತಿನ ಸುತ್ತ ತುಕ್ಕು ಹಿಡಿದು, ನೀರು ಒಳಗೆ ಇಳಿಯುತ್ತಿತ್ತು. ಹೆಸರು ಹೋದರೆ ನಗೆ, ತಗಡು ಹೋದರೆ ಖರ್ಚು. ಆದುದರಿಂದ ಕೆಲಸಕ್ಕೆ ಕೈ ಹಾಕಿದೆ.

ನಿಮ್ಮ ಕಾರು ಹಳೆಯದೋ ಹೊಸದೋ ಎಂಬುದನ್ನು ನೋಡಿಕೊಂಡು ಮುಂದುವರಿಯಬೇಕು. ಹಳೆಯ ಲೋಹದ ಬ್ಯಾಡ್ಜಿಗೆ ಬೆನ್ನಿನಲ್ಲಿ ಎರಡೋ ಮೂರೋ ಕಡ್ಡಿಗಳಿರುತ್ತವೆ. ಅವು ತಗಡಿನ ತೂತಿನಲ್ಲಿ ಇಳಿದು, ಒಳಗಡೆ ಸಣ್ಣ ನಟ್ಟಿನಿಂದಲೋ ಸ್ಪ್ರಿಂಗ್ ಕ್ಲಿಪ್ಪಿನಿಂದಲೋ ಬಿಗಿಯಾಗಿರುತ್ತವೆ. ಇಂದಿನ ಕಾರುಗಳ ಬ್ಯಾಡ್ಜು ಬಹುಮಟ್ಟಿಗೆ ಪ್ಲಾಸ್ಟಿಕ್. ಮೇಲೆ ಬೆಳ್ಳಿಯ ಹೊಳಪು, ಬೆನ್ನಿಗೆ ಎರಡು ಕಡೆ ಅಂಟುವ ಟೇಪು. ಯಾವುದೆಂದು ತಿಳಿಯದೆ ಹೊರಗಿನಿಂದ ಸ್ಕ್ರೂಡ್ರೈವರ್ ತೂರಿಸಿ ಮೀಟಿದಿರೋ, ಬ್ಯಾಡ್ಜು ಮುರಿಯುತ್ತದೆ, ಬಣ್ಣವೂ ಏಳುತ್ತದೆ. ಮೊದಲು ಡಿಕ್ಕಿ ತೆರೆದು ಒಳಗೆ ಬೆರಳಾಡಿಸಿ ನೋಡಿ.

ಅಂಟಿನ ಬ್ಯಾಡ್ಜನ್ನು ತೆಗೆಯುವುದು ಸುಲಭ, ಆದರೆ ಆತುರದವರಿಗಲ್ಲ. ಕಾರನ್ನು ಮೊದಲು ತೊಳೆಯಬೇಕು. ಧೂಳಿನ ಮೇಲೆ ಉಜ್ಜಿದರೆ ಅದೇ ಉಪ್ಪುಕಾಗದವಾಗುತ್ತದೆ. ಆಮೇಲೆ ಬ್ಯಾಡ್ಜಿನ ಮೇಲಂಚು, ಕೆಳಅಂಚು, ಎಡಬಲ ಇವುಗಳ ಉದ್ದಕ್ಕೂ ಪೇಂಟರುಗಳು ಬಳಸುವ ಕಾಗದದ ಟೇಪು ಅಂಟಿಸಿ ಸ್ಥಾನದ ಗುರುತು ಮಾಡಿಟ್ಟುಕೊಳ್ಳಿ. ಇದನ್ನು ಬಿಟ್ಟವರೇ ಹೆಚ್ಚು. ಕಿತ್ತ ಮೇಲೆ ಎಲ್ಲಿತ್ತೆಂದು ಹುಡುಕುವವರೂ ಅವರೇ. ಇನ್ನು ಕೂದಲು ಒಣಗಿಸುವ ಡ್ರೈಯರಿನಿಂದ ಬಿಸಿಗಾಳಿ ಬಿಡಿ. ಗಾಳಿಯನ್ನು ಒಂದೇ ಕಡೆ ನಿಲ್ಲಿಸದೆ ಅತ್ತಿತ್ತ ಆಡಿಸುತ್ತಿರಬೇಕು. ಕೈಯಿಟ್ಟರೆ ತಡೆದುಕೊಳ್ಳುವಷ್ಟು ಬಿಸಿ ಸಾಕು. ಡ್ರೈಯರಿಲ್ಲದವರು ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮೇಲಿಂದ ಮೇಲೆ ಇಟ್ಟರೂ ಅಂಟು ಮೆತ್ತಗಾಗುತ್ತದೆ. ಆಗ ಮೀನಿನ ಗಾಳಕ್ಕೆ ಕಟ್ಟುವ ನೈಲಾನ್ ದಾರದ ಎರಡು ತುದಿಗಳನ್ನೂ ಹಿಡಿದು, ಬ್ಯಾಡ್ಜಿನ ಹಿಂದೆ ತೂರಿಸಿ, ಗರಗಸದಂತೆ ಅತ್ತಿತ್ತ ಎಳೆಯಿರಿ. ದಾರವು ಟೇಪನ್ನು ಕೊಯ್ಯುತ್ತದೆ, ಬಣ್ಣಕ್ಕೆ ತಾಗುವುದಿಲ್ಲ. ಬ್ಲೇಡು, ಚಾಕು ಇವುಗಳ ಹತ್ತಿರ ಹೋಗಲೇಬೇಡಿ.

ಉಳಿದ ಅಂಟನ್ನು ಹೆಬ್ಬೆರಳಿನಿಂದ ಉಂಡೆ ಮಾಡಿ ಉರುಳಿಸಿ ತೆಗೆಯಿರಿ. ಆಮೇಲೂ ಉಳಿದದ್ದಕ್ಕೆ ನೀಲಗಿರಿ ಎಣ್ಣೆ ಹಚ್ಚಿ ಐದು ನಿಮಿಷ ಬಿಟ್ಟು ಒರಸಬಹುದು. ಥಿನ್ನರ್ ಬೇಡ; ಅದು ಅಂಟಿನೊಡನೆ ಬಣ್ಣವನ್ನೂ ಕರಗಿಸುತ್ತದೆ. ಅಪಘಾತವಾಗಿ ಮತ್ತೆ ಬಣ್ಣ ಹಚ್ಚಿಸಿದ ಕಾರಾದರೆ ಇನ್ನೂ ಎಚ್ಚರ ಬೇಕು. ಆ ಬಣ್ಣ ಕಾರ್ಖಾನೆಯ ಬಣ್ಣದಷ್ಟು ಗಟ್ಟಿಯಾಗಿ ಕಚ್ಚಿರುವುದಿಲ್ಲ, ಟೇಪಿನೊಂದಿಗೆ ಹಪ್ಪಳದಂತೆ ಎದ್ದುಬರಬಹುದು.

ಹೊಸದನ್ನು ಅಂಟಿಸುವ ಮುನ್ನ ಆ ಜಾಗವನ್ನು ಸೋಪಿನ ನೀರಿನಿಂದ ತೊಳೆದು, ಒಣಗಿಸಿ, ಕೊನೆಯಲ್ಲಿ ಸ್ಪಿರಿಟಿನಿಂದ ಒರಸಬೇಕು. ಎಣ್ಣೆಯ ಪಸೆ ಒಂದಿಷ್ಟಿದ್ದರೂ ಅಂಟು ನಿಲ್ಲುವುದಿಲ್ಲ. ಇಪ್ಪತ್ತು ಡಿಗ್ರಿಗಿಂತ ಮೇಲಿನ, ಆದರೆ ತಗಡು ಸುಡದ ಹೊತ್ತನ್ನು ಆರಿಸಿ. ನಮ್ಮ ಕಡೆ ಬೆಳಗಿನ ಹತ್ತು ಗಂಟೆ ಒಳ್ಳೆಯದು. ಮಲೆನಾಡಿನವರು ಮಳೆಗಾಲದಲ್ಲಿ ಈ ಕೆಲಸಕ್ಕೆ ಇಳಿಯದಿರುವುದೇ ಲೇಸು. ಅಂಟಿಸಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಂದು ದಿನದಲ್ಲಿ ಅಂಟು ಬಹುಮಟ್ಟಿಗೆ ಬಿಗಿಯುತ್ತದೆ, ಪೂರ್ಣ ಬಲ ಬರಲು ಮೂರು ದಿನ ಬೇಕು. ಅಲ್ಲಿಯವರೆಗೆ ಕಾರು ತೊಳೆಯತಕ್ಕದ್ದಲ್ಲ.

ಬಿಡಿ ಬಿಡಿ ಅಕ್ಷರಗಳನ್ನು ಅಂಟಿಸುವವರಿಗೆ ಮೇಷ್ಟರಾಗಿ ಒಂದು ಮಾತು ಹೇಳಬಲ್ಲೆ. ಕಪ್ಪುಹಲಗೆಯ ಮೇಲೆ ಬರೆಯುವವನಿಗೆ ತನ್ನ ಸಾಲು ನೇರವಾಗಿಯೇ ಕಾಣುತ್ತದೆ. ಕೊನೆಯ ಬೆಂಚಿನ ಹುಡುಗನಿಗೆ ಮಾತ್ರ ಅದು ಇಳಿಜಾರು. ಆದುದರಿಂದ ಕೆಳಗೊಂದು ಟೇಪಿನ ಗೆರೆ ಎಳೆದು, ನಡುವಿನ ಅಕ್ಷರದಿಂದ ಆರಂಭಿಸಿ ಎರಡು ಕಡೆಗೂ ಹೋಗಿ. ಅಂಟಿನ ಮೇಲಿನ ಕಾಗದ ಸುಲಿಯುವ ಮೊದಲು ಮನೆಯವರೊಬ್ಬರನ್ನು ಹತ್ತು ಹೆಜ್ಜೆ ದೂರ ನಿಲ್ಲಿಸಿ ನೋಡಹೇಳಿ. “ಅಲ್ಲಾ ರೀ, ಎಡಗಡೆ ಇಳಿದಿದೆ” ಎಂದು ನಮ್ಮ ಮನೆಯಾಕೆ ಮೂರು ಸಲ ಹೇಳಿದಳು. ಮೂರು ಸಲವೂ ಇಳಿದಿತ್ತು.

ಎಲ್ಲ ಬ್ಯಾಡ್ಜೂ ಬರಿಯ ಅಲಂಕಾರವಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಈಚಿನ ಕೆಲವು ಕಾರುಗಳಲ್ಲಿ ಮುಂದಿನ ಬ್ಯಾಡ್ಜಿನ ಹಿಂದೆ ರೇಡಾರ್ ಇರುತ್ತದೆ. ಎದುರಿನ ವಾಹನ ಎಷ್ಟು ದೂರವಿದೆಯೆಂದು ಅಳೆದು ಬ್ರೇಕಿಗೆ ತಿಳಿಸುವ ಕಣ್ಣು ಅದು. ಅಲ್ಲಿ ಲೋಹದ ಲೇಪವಿರುವ ಬೇರೊಂದು ಬ್ಯಾಡ್ಜನ್ನು ಕೂಡಿಸಿದರೆ ಕಣ್ಣಿಗೆ ಪಟ್ಟಿ ಕಟ್ಟಿದಂತೆ. ಕೆಲವು ಕಾರುಗಳ ಹಿಂಬದಿಯ ಬ್ಯಾಡ್ಜೇ ಡಿಕ್ಕಿಯ ಹಿಡಿಕೆ, ಅದರ ಮರೆಯಲ್ಲಿಯೇ ಕ್ಯಾಮೆರಾ. ಇವುಗಳನ್ನು ಮುಟ್ಟದಿರಿ. ಸ್ಟೀರಿಂಗ್ ಚಕ್ರದ ನಡುವಿನ ಲಾಂಛನವನ್ನಂತೂ ಸರ್ವಥಾ ಮುಟ್ಟಬಾರದು. ಅದರ ಕೆಳಗಿರುವುದು ಗಾಳಿಚೀಲ. ಹೊಳೆಯುವ ಕಲ್ಲು ಕೂಡಿಸಿದ ಲೋಹದ ಬಿಲ್ಲೆಗಳನ್ನು ಅಲ್ಲಿ ಅಂಟಿಸಿಕೊಳ್ಳುವ ಷೋಕಿ ಒಂದಿದೆ. ಗಾಳಿಚೀಲ ಸಿಡಿದಾಗ ಆ ಬಿಲ್ಲೆ ನೇರವಾಗಿ ಮುಖಕ್ಕೆ ಹಾರುತ್ತದೆ. ಹೀಗೆ ಒಬ್ಬ ಚಾಲಕರ ಒಂದು ಕಣ್ಣೇ ಹೋದ ಮೇಲೆ, ಅಮೆರಿಕದ ಹೆದ್ದಾರಿ ಸುರಕ್ಷತೆಯ ಇಲಾಖೆ ಜನರಿಗೆ ಎಚ್ಚರಿಕೆ ಕೊಟ್ಟಿತು.

ಬ್ಯಾಡ್ಜು ಬದಲಾಯಿಸುವುದರಲ್ಲಿ ಇನ್ನೊಂದು ಬಗೆಯುಂಟು. ನನ್ನ ಪರಿಚಯದವರೊಬ್ಬರು ತಮ್ಮ ಕಾರನ್ನು ಮಾರಲು ಹೊರಟಿದ್ದರು. ಅದು ಆ ಮಾದರಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದು. ಮೇಲಿನ ದರ್ಜೆಯ ಕಾರಿನ ಎರಡಕ್ಷರದ ಬ್ಯಾಡ್ಜನ್ನು ಅಂಗಡಿಯಿಂದ ತಂದು, ನನ್ನ ಕೈ ಈ ಕೆಲಸದಲ್ಲಿ ಪಳಗಿದೆಯೆಂದು ಕೇಳಿ, “ಮೇಷ್ಟ್ರೇ, ಇದನ್ನೊಂದು ನೀಟಾಗಿ ಅಂಟಿಸಿಕೊಡಿ” ಎಂದರು. ಗೆದ್ದ ಅರಸನ ಬಿರುದನ್ನು ಸೋತವನು ಧರಿಸಿದ ಕಥೆಗಳನ್ನು ಬೇಕಾದಷ್ಟು ಓದಿದ್ದೇನೆ. ಅದರ ಬೆಲೆ ತೆತ್ತವರು ಆ ಅರಸರೇ. ಇಲ್ಲಿ ಬೆಲೆ ತೆರುವವನು ಕಾರು ಕೊಳ್ಳುವ ಮೂರನೆಯವನು. ಹಾಗೆಂದು ನಾನು ಅಂಟಿಸಲಿಲ್ಲ. ಅವರು ಈಗ ನನ್ನೊಡನೆ ಹೆಚ್ಚು ಮಾತನಾಡುವುದಿಲ್ಲ. ಹಳೆಯ ಕಾರು ಕೊಳ್ಳುವವರು ನೀವಾದರೆ, ಬೆನ್ನಿನ ಮೇಲಿನ ಹೆಸರನ್ನು ಓದಿ ಬೆಲೆ ಕಟ್ಟಬೇಡಿ. ನೋಂದಣಿ ಪತ್ರವನ್ನು ಕೇಳಿ ಓದಿ.

ಇನ್ನು ನಮ್ಮ ಪದ್ಮಿನಿಗೆ ಬರುತ್ತೇನೆ. ಕಡ್ಡಿಯ ಬ್ಯಾಡ್ಜಿಗೆ ಶತ್ರು ತುಕ್ಕು. ಹಿಂದಿನ ದಿನವೇ ಒಳಗಿನಿಂದ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯೆಲ್ಲ ನೆನೆಯಬಿಟ್ಟೆ. ಹಳೆಯ ಬ್ಯಾಡ್ಜುಗಳು ಹೆಚ್ಚಾಗಿ ಸತುವಿನ ಎರಕ. ವಯಸ್ಸಾದ ಸತುವು ಬಗ್ಗುವುದಿಲ್ಲ, ತಟ್ಟನೆ ಮುರಿಯುತ್ತದೆ. ಇಕ್ಕಳದಿಂದ ಕಡ್ಡಿಯನ್ನು ತಿರುಚಬಾರದು, ನಟ್ಟನ್ನು ಮಾತ್ರ ತಿರುಗಿಸಬೇಕು.

ಬದಲಿ ಬ್ಯಾಡ್ಜಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಕೇಳಿ, ಕಡೆಗೆ ಶಿವಾಜಿನಗರದ ಗುಜರಿಗೆ ಹೋದೆ. ಅಲ್ಲಿಯ ಮುದುಕನೊಬ್ಬನು ಡಬ್ಬಿಯೊಂದನ್ನು ನೆಲಕ್ಕೆ ಸುರಿದು ಹುಡುಕಿ, ಥಳಥಳಿಸುವ ಒಂದು ‘ಪ್ರೆಸಿಡೆಂಟ್’ ತೆಗೆದುಕೊಟ್ಟನು. “ಎರಡೂ ಒಂದೇ ಗಾಡಿ ಸಾರ್, ಯಾರು ನೋಡ್ತಾರೆ?” ಎಂದನು. ಅವನ ಮಾತು ಸುಳ್ಳಲ್ಲ. ಅದನ್ನು ಕೈಯಲ್ಲಿ ಹಿಡಿದು ನಾನೂ ಸ್ವಲ್ಪ ಹೊತ್ತು ಯೋಚಿಸಿದೆ. ಆದರೆ ಚಿತ್ತೋಡದ ರಾಣಿಯ ಹೆಸರಿನ ಕಾರೆಂದು ನಮ್ಮ ತಂದೆಯವರು ಬಂದವರಿಗೆಲ್ಲ ಹೇಳುತ್ತಿದ್ದುದನ್ನು ಕೇಳಿಕೊಂಡು ಬೆಳೆದವನು ನಾನು. ವಿಳಾಸ ಬರೆದುಕೊಟ್ಟು ಬಂದೆ. ಎರಡು ತಿಂಗಳ ಮೇಲೆ ಅವನೇ ಫೋನು ಮಾಡಿದನು. ‘ಪದ್ಮಿನಿ’ ಸಿಕ್ಕಿತ್ತು. ಹೊಳಪು ಕಡಿಮೆ, ಅಕ್ಷರ ಪೂರ್ಣ.

ತಂದು ನೋಡಿದರೆ ಕಡ್ಡಿಗಳ ಅಂತರದಲ್ಲಿ ಒಂದು ನೂಲಿನ ವ್ಯತ್ಯಾಸ. ಕೊಳ್ಳುವಾಗಲೇ ಹಳೆಯದರ ಬೆನ್ನನ್ನು ಕಾಗದಕ್ಕೆ ಒತ್ತಿ ತೂತಿನ ನಕ್ಷೆ ಒಯ್ದಿದ್ದರೆ ಇದು ಅಂಗಡಿಯಲ್ಲಿಯೇ ತಿಳಿಯುತ್ತಿತ್ತು. ನೀವು ಒಯ್ಯಿರಿ. ಹೊಸ ತೂತು ಕೊರೆಯಲು ಮನಸ್ಸಾಗಲಿಲ್ಲ. ಇದ್ದ ತೂತುಗಳನ್ನೇ ಸಣ್ಣ ದುಂಡು ಅರದಿಂದ ಬಲಕ್ಕೆ ಉಜ್ಜಿ ಹಿಗ್ಗಿಸಿದೆ. ತುಕ್ಕನ್ನು ಉಪ್ಪುಕಾಗದದಿಂದ ಹೊಳೆಯುವ ತಗಡು ಕಾಣುವವರೆಗೆ ತಿಕ್ಕಿ, ಪ್ರೈಮರ್ ಹಚ್ಚಿ, ಒಣಗಿದ ಮೇಲೆ ತಿಳಿನೀಲಿ ಬಣ್ಣವನ್ನು ಮಗಳ ಚಿತ್ರದ ಕುಂಚದಿಂದ ಎರಡು ಸಲ ಬಳಿದೆ. ಸ್ಕ್ರೂ ಬಡಿದಿದ್ದ ತೂತನ್ನು ಮೇಣ ತುಂಬಿ ಮುಚ್ಚಿದೆ. ಕಡ್ಡಿಗಳಿಗೆ ರಬ್ಬರಿನ ವಾಷರ್ ಹಾಕಿ, ಒಳಗಿನಿಂದ ನಟ್ಟನ್ನು ಬೆರಳಿನಿಂದ ಬಿಗಿಯುವಷ್ಟು ಬಿಗಿದು, ಮೇಲೆ ಕಾಲು ಸುತ್ತು ಮಾತ್ರ ತಿರುಗಿಸಿದೆ. ಬಕೆಟ್ಟಿನಿಂದ ನೀರು ಸುರಿದು ಡಿಕ್ಕಿ ತೆರೆದು ನೋಡಿದಾಗ ಒಳಗೆ ಒಣಗಿಯೇ ಇತ್ತು.

ಒಂದು ನೂಲು ಸರಿದದ್ದರಿಂದ ಎಡತುದಿಯಲ್ಲಿ ಹಳೆಯ ಹೆಸರಿನ ಅಂಚು ಗಾಢನೀಲಿಯ ಸಣ್ಣ ಗೆರೆಯಾಗಿ ಕಾಣುತ್ತದೆ. ಬ್ಯಾಡ್ಜಿನ ಮರೆಯಲ್ಲಿ ಬಿಸಿಲು ತಾಗದೆ ಉಳಿದ 1986ರ ಬಣ್ಣ ಅದು. ಎರಡು ಭಾನುವಾರ ಪಾಲಿಶು ತಿಕ್ಕಿ ನೋಡಿದೆ. ಹೋಗಲಿಲ್ಲ. ಹಾಗೆಯೇ ಬಿಟ್ಟಿದ್ದೇನೆ.