ಊರಿನಲ್ಲೊಂದು ಮನೆ

(ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ಮುಂಬಯಿಯಲ್ಲಿ ನೌಕರಿ ಮುಗಿಸಿ ಊರ ಕಡೆ ಮನೆ ಕೊಂಡವರಲ್ಲಿ ನಾನೂ ಒಬ್ಬನಾದ್ದರಿಂದ, ಆ ವಿಷಯವಾಗಿ ನಾಲ್ಕು ಮಾತನ್ನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನಾನು ವಕೀಲನಲ್ಲ, ವಾಗ್ಮಿಯೂ ಅಲ್ಲ. ೩೫ ವರ್ಷ ಲೆಕ್ಕದ ಪುಸ್ತಕ ಬರೆದವನು. ಆದಕಾರಣ ಲೆಕ್ಕ ಒಪ್ಪಿಸುವ ಹಾಗೆಯೇ ಹೇಳುತ್ತೇನೆ. ಜಮೆಯನ್ನೂ ಹೇಳುತ್ತೇನೆ, ಖರ್ಚನ್ನೂ ಮರೆಮಾಚುವುದಿಲ್ಲ.

ನಾನು ಮನೆ ಕೊಂಡದ್ದು ಉತ್ತರ ಕನ್ನಡ ಜಿಲ್ಲೆಯ ಕುಮಟೆಯ ಹೊರವಲಯದಲ್ಲಿ. ಅದನ್ನು ಪೇಟೆಯೆಂದರೂ ಸರಿಯೆ, ಹಳ್ಳಿಯೆಂದರೂ ಸರಿಯೆ. ಮುಂಬಾಗಿಲಿನಿಂದ ಹೊರಟರೆ ಅರ್ಧ ಗಂಟೆಯೊಳಗೆ ಬ್ಯಾಂಕು, ಔಷಧದ ಅಂಗಡಿ, ಮೀನುಪೇಟೆ. ಹಿಂಬಾಗಿಲು ತೆರೆದರೆ ಗದ್ದೆ. ಈ ಊರಿಗೂ ಮುಂಬಯಿಗೂ ಹಳೆಯ ನಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಬಂದು, ಕುಮಟೆಯ ಬಂದರಿನಿಂದ ಹಡಗನ್ನೇರಿ ಮುಂಬಯಿ ಸೇರುತ್ತಿತ್ತು. ೧೯೫೬ರ ನವೆಂಬರ್ ಒಂದರವರೆಗೆ ಜಿಲ್ಲೆಯೇ ಮುಂಬಯಿ ರಾಜ್ಯದಲ್ಲಿತ್ತು. ಹತ್ತಿ ಬಂದ ದಾರಿಯಲ್ಲಿಯೇ ಆಮೇಲೆ ಮಕ್ಕಳೂ ಬಂದರು. ೧೯೯೮ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾದ ಮೇಲೆ ಹೋಗಿಬರುವುದು ಸುಲಭವಾಯಿತು. ಈಗ ಆ ಮಕ್ಕಳು ಮುದುಕರಾಗಿ ಮರಳುತ್ತಿದ್ದೇವೆ.

ಮೊದಲನೆಯ ಮಾತು: ಡಿಸೆಂಬರಿನ ಮನೆಗೆ ಮರುಳಾಗಬೇಡಿ. ನಾವೆಲ್ಲ ರಜೆಯಲ್ಲಿ ಹೋಗುವುದು ಚಳಿಗಾಲಕ್ಕೆ. ಆಗ ಬಾವಿ ತುಂಬಿರುತ್ತದೆ, ಜಗಲಿಯ ಮೇಲೆ ಎಳೆಬಿಸಿಲು ಬಿದ್ದಿರುತ್ತದೆ, ಯಾವ ಮನೆಯಾದರೂ ಚೆಂದವೇ. ಮನೆಯನ್ನು ಮೇ ತಿಂಗಳಲ್ಲಿ ಒಮ್ಮೆ, ಜುಲೈಯಲ್ಲಿ ಒಮ್ಮೆ ನೋಡಬೇಕು. ಅಘನಾಶಿನಿಯ ಹಿನ್ನೀರಿಗೆ ಸಮೀಪವಾದ ಬಾವಿಗಳಲ್ಲಿ ಕೆಲವು ಬೇಸಿಗೆಯ ಕೊನೆಗೆ ಉಪ್ಪಾಗುತ್ತವೆ. ಒಂದು ಬೊಗಸೆ ಕುಡಿದೇ ನೋಡಬೇಕು. ಆ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ. ಗೋಡೆ ಎಲ್ಲಿ ಒದ್ದೆಯಾಗುತ್ತದೆ, ಗೆದ್ದಲು ಎಲ್ಲಿ ಹತ್ತಿದೆ, ಅಂಗಳದ ನೀರು ಯಾವ ಕಡೆ ಹರಿಯುತ್ತದೆ ಎಂಬುದನ್ನು ಮಾರುವವನು ಹೇಳಲಾರ, ಮಳೆ ಹೇಳುತ್ತದೆ. ಸಾಧ್ಯವಿದ್ದರೆ ಆ ಊರಿನಲ್ಲಿ ಒಂದು ಮಳೆಗಾಲ ಬಾಡಿಗೆಗಿದ್ದು, ಆಮೇಲೆ ಕೊಳ್ಳಿ. ಇಲ್ಲಿಯ ಮನೆಯನ್ನು ಅಲ್ಲಿಯವರೆಗೆ ಮಾರಬೇಡಿ.

ಎರಡನೆಯದು ಕಾಗದಪತ್ರ. ಪಹಣಿಯಲ್ಲಿ ಹೆಸರಿದೆ, ಪಂಚಾಯತಿಗೆ ಕರ ಕಟ್ಟಿದ ರಸೀತಿ ಇದೆ, ವಿದ್ಯುತ್ತಿನ ಬಿಲ್ಲು ಇದೆ ಎಂದು ತೋರಿಸುತ್ತಾರೆ. ಇವೆಲ್ಲ ಬೇಕಾದವೇ, ಆದರೆ ಒಡೆತನಕ್ಕೆ ಇವಿಷ್ಟೇ ಸಾಲವು. ನಮ್ಮ ಜಿಲ್ಲೆಯಲ್ಲಿ ಅರಣ್ಯಭೂಮಿ ಅತಿಹೆಚ್ಚು. ಅತಿಕ್ರಮಣದ ಜಾಗದಲ್ಲಿ ಎದ್ದ ಮನೆಗೂ ಕರದ ರಸೀತಿ ಇರಬಹುದು, ದೀಪವೂ ಇರಬಹುದು. ಅಡಿಕೆ ತೋಟಕ್ಕೆ ಹೊಂದಿದ ಸೊಪ್ಪಿನ ಬೆಟ್ಟವನ್ನು ತೋರಿಸಿ “ಇದೂ ನಿಮಗೇ” ಎನ್ನುತ್ತಾರೆ. ಅದರಲ್ಲಿ ಸೊಪ್ಪು ಸದೆ ತರುವ ಸವಲತ್ತುಂಟು, ಒಡೆತನವಿಲ್ಲ. ಸಾಗುವಳಿ ಭೂಮಿಯಲ್ಲಿ ಎದ್ದ ಮನೆಯಾದರೆ ನಮ್ಮ ಕಡೆ ಬಿನ್‌ಶೇತ್ಕಿ ಎನ್ನುವ ಭೂಪರಿವರ್ತನೆಯ ಆಜ್ಞೆಯನ್ನು ಕೇಳಿ. ಪಂಚಾಯತಿ ಹದ್ದಿನಲ್ಲಿದ್ದರೆ ಇ-ಸ್ವತ್ತಿನ ೯ ಮತ್ತು ೧೧ನೆಯ ನಮೂನೆಗಳನ್ನು ನೋಡಿ. ಉಪನೋಂದಣಿ ಕಚೇರಿಯಿಂದ ಕನಿಷ್ಠ ೩೦ ವರ್ಷಗಳ ಋಣಭಾರ ಪತ್ರ ತೆಗೆಸಿ. ಮೋಜಣಿದಾರನನ್ನು ಕರೆಸಿ, ಅಕ್ಕಪಕ್ಕದವರ ಎದುರಿಗೆ ಗಡಿ ಅಳೆಸಿ. ಸಮುದ್ರಕ್ಕೋ ಉಬ್ಬರವಿಳಿತದ ಹೊಳೆಗೋ ಹತ್ತಿರವಿದ್ದರೆ, ೧೯೯೧ರಿಂದ ಜಾರಿಯಲ್ಲಿರುವ ಕರಾವಳಿ ನಿಯಂತ್ರಣ ವಲಯದ ನಿರ್ಬಂಧಗಳನ್ನು ವಿಚಾರಿಸಿ. ಬರಿಯ ಮುಖ್ತಿಯಾರುಪತ್ರ ಬರೆಸಿಕೊಂಡರೆ ಮನೆ ನಮ್ಮದಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ೨೦೧೧ರಲ್ಲಿಯೇ ಸ್ಪಷ್ಟಪಡಿಸಿದೆ. ಬೇಸಾಯಗಾರರಲ್ಲದವರು ಸಾಗುವಳಿ ಭೂಮಿ ಕೊಳ್ಳಬಾರದೆಂಬ ನಿರ್ಬಂಧವನ್ನು ಕರ್ನಾಟಕದಲ್ಲಿ ೨೦೨೦ರಲ್ಲಿ ತೆಗೆದರು, ನಿಜ. ಆದರೆ ಕೊಳ್ಳುವುದು ಸುಲಭವಾದಷ್ಟೂ ವಿಚಾರಿಸುವುದು ಹೆಚ್ಚಬೇಕು.

ಈ ಕಾಗದಗಳನ್ನೆಲ್ಲ ನಾನು ನೋಡಿದೆ. ಎಲ್ಲವೂ ಸರಿಯಾಗಿದ್ದವು. ಬೆಲೆ ಕುದುರಿತು, ಮುಂಗಡವನ್ನೂ ಕೊಟ್ಟೆ. ಆ ಸಂಜೆ ಜಗಲಿಯಲ್ಲಿ ಕುಳಿತು ಚಹ ಕುಡಿಯುತ್ತಿದ್ದಾಗ, ಗೋಡೆಯ ಮೇಲಿನ ಹಳೆಯ ಭಾವಚಿತ್ರವನ್ನು ನೋಡಿ ನನ್ನ ಹೆಂಡತಿ, “ನಿಮ್ಮ ಪಕ್ಕದಲ್ಲಿ ನಿಂತ ಹುಡುಗಿ ಯಾರು?” ಎಂದು ಮನೆಯವರನ್ನು ಕೇಳಿದಳು.

“ತಂಗಿ. ಮದುವೆಯಾಗಿ ಮುಂಬಯಿ ಕಡೆ ಇದ್ದಾಳೆ,” ಎಂದರು ಅವರು.

ತಂದೆ ತೀರಿಕೊಂಡ ಮೇಲೆ ವಾರಸಾ ಆದಾಗ ಮಗನ ಹೆಸರೊಂದೇ ದಾಖಲಾಗಿತ್ತು. ತಂಗಿಯ ಸಹಿ ಬೇಕಲ್ಲವೇ ಎಂದೆ. ದಲ್ಲಾಳಿ ನಕ್ಕ. “ರಾಯರೇ, ಅವರ ಮದುವೆಗೆ ಕೊಟ್ಟದ್ದೇ ಅವರ ಪಾಲು. ಹೆಣ್ಣುಮಕ್ಕಳ ಸಹಿ ಕೇಳುತ್ತ ಕೂತರೆ ಈ ಕಡೆ ಒಂದು ಮನೆಯೂ ಮಾರಾಟವಾಗುವುದಿಲ್ಲ.”

೨೦೦೫ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಬಂದಿದೆ. ಅದು ಹುಟ್ಟಿನಿಂದ ಬಂದ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯ ೨೦೨೦ರಲ್ಲಿ ಮತ್ತೆ ಹೇಳಿದೆ. ಇದನ್ನು ಬಲ್ಲ ನಾನು, ನಾಳೆ ದಾವೆ ಬಂದೀತೆಂಬ ಹೆದರಿಕೆಯಿಂದಲೇ ಆ ತಂಗಿಯ ವಿಳಾಸ ಕೇಳಿ ಪಡೆದೆ. ನ್ಯಾಯದ ಮೇಲಿನ ಪ್ರೀತಿಯಿಂದ ಪಡೆದೆನೆಂದು ಈ ಸಭೆಯಲ್ಲಿ ಹೇಳಿದರೆ ಸುಳ್ಳಾದೀತು.

ಆಕೆ ಇದ್ದದ್ದು ಡೊಂಬಿವಿಲಿಯಲ್ಲಿ, ನಮ್ಮ ಮನೆಯಿಂದ ಎರಡೇ ಸ್ಟೇಶನ್ನು. ವಯಸ್ಸು ಅರವತ್ತರ ಹತ್ತಿರ. ತವರುಮನೆ ಮಾರಾಟವಾಗುತ್ತಿದೆಯೆಂಬುದು ಆಕೆಗೆ ತಿಳಿದದ್ದು ನನ್ನ ಬಾಯಿಂದ. ಬಹಳ ಹೊತ್ತು ಸುಮ್ಮನಿದ್ದರು. ಹಣದ ಮಾತು ಎತ್ತಲಿಲ್ಲ. ಕೊನೆಗೆ, “ಅಣ್ಣಾ, ಬಾವಿಕಟ್ಟೆಯ ಹತ್ತಿರ ಒಂದು ಮುರುಗಲ ಮರ ಇತ್ತು. ಇದೆಯೇ?” ಎಂದು ಕೇಳಿದರು. ಇದೆ ಎಂದೆ. “ನಾನು ಹುಟ್ಟಿದ ವರ್ಷ ಅಪ್ಪ ನೆಟ್ಟದ್ದು,” ಎಂದರು.

ಸಭಿಕರೇ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ೧೯೯೬ರಲ್ಲಿ ಅಂಕೋಲೆಯ ನಮ್ಮ ತಂದೆಯ ಮನೆಯನ್ನು ನಾವು ಅಣ್ಣತಮ್ಮಂದಿರು ಮಾರಿ ಹಣ ಹಂಚಿಕೊಂಡಾಗ, ನಮ್ಮ ಅಕ್ಕನನ್ನು ಯಾರೂ ಕೇಳಿದ್ದಿಲ್ಲ. ನಾನೂ ಕೇಳಿದ್ದಿಲ್ಲ. ಆ ಹಣದಲ್ಲಿಯೇ ನನ್ನ ಮುಂಬಯಿಯ ಮನೆಯ ಮೊದಲ ಕಂತು ತುಂಬಿತ್ತು.

ವ್ಯವಹಾರ ಐದು ತಿಂಗಳು ತಡವಾಯಿತು. ಅಣ್ಣನಿಗೆ ಸಿಟ್ಟು ಬಂತು. ಮುಂಗಡ ಹಿಂತಿರುಗಿಸುತ್ತೇನೆಂದೂ ಹೇಳಿದರು. ಊರಿನ ಇಬ್ಬರು ಹಿರಿಯರು ನಡುವೆ ಕುಳಿತು ಮಾತಾಡಿದ ಮೇಲೆ ಒಪ್ಪಿದರು. ತಂಗಿ ಬಂದು ಉಪನೋಂದಣಿ ಕಚೇರಿಯಲ್ಲಿ ಹೆಬ್ಬೆರಳೊತ್ತಿ ಸಹಿ ಹಾಕಿ, ತಮ್ಮ ಪಾಲು ಪಡೆದರು. ಅಣ್ಣತಂಗಿ ಆ ದಿನ ಪರಸ್ಪರ ಮಾತಾಡಲಿಲ್ಲ. ಆಮೇಲೆ ಮಾತಾಡಿದರೋ ಇಲ್ಲವೋ ನಾನು ವಿಚಾರಿಸಲಿಲ್ಲ. ಆದರೆ ಪ್ರತಿ ಮೇ ತಿಂಗಳಲ್ಲಿ ಆ ಮರದ ಹಣ್ಣಿನ ಒಣಸಿಪ್ಪೆಯನ್ನು ನನ್ನ ಹೆಂಡತಿ ಡೊಂಬಿವಿಲಿಗೆ ಕಳಿಸುತ್ತಾಳೆ.

ಇನ್ನು ಅಲ್ಲಿಯ ಬಾಳುವೆ. ಚಿರೇಕಲ್ಲಿನ ಗೋಡೆ, ಹಂಚಿನ ಮಾಡು. ವರ್ಷವರ್ಷವೂ ಮಳೆಗೆ ಮೊದಲು ಹಂಚು ಇಳಿಸಿ, ಒಡೆದದ್ದನ್ನು ಬದಲಿಸಬೇಕು. ಹತ್ತುವ ಆಳು ಸಿಕ್ಕುವುದು ಕಷ್ಟ. ಗಾಳಿಮಳೆಯಲ್ಲಿ ದೀಪ ಹೋದರೆ ಮರುದಿನ ಬಂದರೂ ಬಂತು. ಎಲ್ಲಕ್ಕಿಂತ ದೊಡ್ಡ ಕೊರತೆ ಆಸ್ಪತ್ರೆಯದು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಜನ ೨೦೨೨ರಲ್ಲಿ ದೊಡ್ಡ ದನಿಯಲ್ಲಿಯೇ ಕೂಗಿದರು. ಎದೆನೋವು ಬಂದರೆ ನೂರು ಕಿಲೋಮೀಟರಿಗೂ ಆಚೆ ಮಣಿಪಾಲಕ್ಕೋ, ಹುಬ್ಬಳ್ಳಿಗೋ ಓಡುವವರು ಇಂದಿಗೂ ಇದ್ದಾರೆ. ಹೃದ್ರೋಗವಿದ್ದವರು ಈ ಮಾತನ್ನು ಲೆಕ್ಕಕ್ಕೆ ಹಿಡಿದೇ ನಿರ್ಧರಿಸಬೇಕು.

ಇನ್ನೊಂದು ಸಣ್ಣ ಸಂಗತಿ. ಮುಂಬಯಿಯಲ್ಲಿ ಇದ್ದಷ್ಟು ಕಾಲ ನಾನು ಕಾನಡಿಯವನು. ಊರಿಗೆ ಹೋದ ಮೇಲೆ “ಬೊಂಬಾಯಿಯವರ ಮನೆ” ಎಂದೇ ನಮ್ಮ ಮನೆಗೆ ಹೆಸರು. ಮೊದಲ ವರ್ಷ ನನ್ನ ಹೆಂಡತಿ ಇಲ್ಲಿಯ ಗೆಳತಿಯರನ್ನು ನೆನೆದು ಅಳುತ್ತಿದ್ದಳು. ಎರಡನೆಯ ವರ್ಷ ನೆರೆಯಾಕೆಯ ಮಗಳಿಗೆ ಲೆಕ್ಕ ಹೇಳಿಕೊಡಲು ತೊಡಗಿದಳು. ಈಗ ಆರು ಮಕ್ಕಳು ಬರುತ್ತಾರೆ. ಊರು ತಾನಾಗಿ ನಮ್ಮದಾಗುವುದಿಲ್ಲ. ನಾವು ಯಾವುದಾದರೊಂದು ಕೆಲಸಕ್ಕೆ ಒದಗಬೇಕು.

ನೋಂದಣಿಯಾದ ಮರುದಿನ ನಾನು ನಮ್ಮ ಅಕ್ಕನಿಗೆ ದೂರವಾಣಿ ಮಾಡಿ, ೧೯೯೬ರ ಮಾತನ್ನೆತ್ತಿ, ಆಕೆಯ ಪಾಲಿನ ಲೆಕ್ಕ ಹೇಳಿದೆ. ಅಕ್ಕ ನಕ್ಕಳು. “ಈಗ ಕೇಳಿದೆಯಲ್ಲ, ತಮ್ಮಾ,” ಎಂದಳು. ಹಣವನ್ನು ಬೇಡವೆನ್ನಲಿಲ್ಲ, ನಾನು ಕಂತಿನ ಮೇಲೆ ಕೊಡುತ್ತಿದ್ದೇನೆ. ಮಳೆಗಾಲದಲ್ಲಿ ಬಂದು ಎರಡು ತಿಂಗಳು ನಮ್ಮಲ್ಲಿರುತ್ತಾಳೆ.

ರಾಜ್ಯೋತ್ಸವದ ಈ ಸಂದರ್ಭದಲ್ಲಿ ನಾಡಿಗೆ ಮರಳಬೇಕೆಂಬ ಆಸೆ ನಮ್ಮಲ್ಲಿ ಅನೇಕರಿಗೆ ಹುಟ್ಟುತ್ತದೆ. ಮರಳಿರಿ. ಆದರೆ ಬಾವಿಯ ನೀರನ್ನು ಕುಡಿದು ನೋಡಿ, ಋಣಭಾರ ಪತ್ರವನ್ನು ಓದಿ ನೋಡಿ, ಆ ಮನೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳೆಲ್ಲಿ ಎಂದು ಕೇಳಿ ನೋಡಿ. ಕೊನೆಯ ಪ್ರಶ್ನೆಯನ್ನು ಮೊದಲು ನಿಮ್ಮ ಮನೆಯಲ್ಲಿಯೇ ಕೇಳಿಕೊಂಡರೆ ಇನ್ನೂ ಒಳ್ಳೆಯದು.